ಅಣ್ಣನ ಬಲಗಿವಿ

ಅಣ್ಣ ಎರಡನೆಯ ಸಲ ಚುನಾವಣೆಗೆ ನಿಂತಾಗ ನಾನು ಅವನಿಗೆ ಆರತಿ ಎತ್ತಲಿಲ್ಲ. ಹಾನಗಲ್ಲಿನ ನಮ್ಮ ಮನೆಯ ಹೊರಗೆ ಅವನು ನಿಂತಿದ್ದ. ಅಗಳಿ ಹಾಕಿಕೊಂಡು ನಾನು ಒಳಗೆ ಕುಳಿತಿದ್ದೆ. ಈಗ ಅವನಿಲ್ಲ.

ಅವನಿಗೆ ಬಲಗಿವಿ ಕೇಳುತ್ತಿರಲಿಲ್ಲ. ಸೈನ್ಯದಲ್ಲಿ ಫಿರಂಗಿಯ ಪಕ್ಕ ನಿಂತು ನಿಂತು ಹೋದ ಕಿವಿ ಅದು. ನಾಲ್ಕನೆಯ ಇಯತ್ತೆಗೇ ಶಾಲೆ ಬಿಟ್ಟ ನನಗೆ ಓದಲು ಬರಲೆಂದು ಅಲ್ಲಿಂದ ದೊಡ್ಡ ದೊಡ್ಡ ಅಕ್ಷರಗಳಲ್ಲಿ ಪತ್ರ ಬರೆಯುತ್ತಿದ್ದ. ರಜೆ ಮುಗಿಸಿ ಹೊರಟಾಗಲೆಲ್ಲ ಅವನಿಗೆ ಆರತಿ ಎತ್ತುವವಳು ನಾನೇ. ಪಿಂಚಣಿಯಾಗಿ ಬಂದ ಮೇಲೆ ಜನ ಅವನನ್ನು ಚುನಾವಣೆಗೆ ನಿಲ್ಲಿಸಿದರು. ಆಗಲೂ ನನ್ನ ಮುಂದೆ ತಲೆ ಬಗ್ಗಿಸಿ, "ಇದೂ ಒಂದ್ ಲಡಾಯಿನ, ಎತ್ತಬೇ ಗಂಗೂ," ಎಂದಿದ್ದ. ಗೆದ್ದ.

ಶಾಸಕನಾದರೂ ಬೂಟು ತಾನೇ ಒರೆಸುತ್ತಿದ್ದ, ಹಾಸಿಗೆಯನ್ನು ಚೌಕಾಗಿ ಮಡಚಿಡುತ್ತಿದ್ದ. ಕೆಲಸ ಕೇಳಿಕೊಂಡು ಬಂದವರು ಅಂಗಳದಲ್ಲಿ ಪಾಳಿ ಹಚ್ಚಿ ನಿಲ್ಲಬೇಕು. ಪಾಳಿ ಬಿಟ್ಟು ಮುಂದೆ ನುಗ್ಗಿದವರಿಗೆ ಬಲಗಿವಿ ತಿರುಗಿಸಿ, "ಇದು ಸರಕಾರಕ್ಕ ಕೊಟ್ಟ ಕಿವಿರಿ. ಇದರಾಗ ಹೇಳಿದ್ದು ಸೀದಾ ದಿಲ್ಲಿಗೆ ಹೋಗತೈತಿ," ಎನ್ನುತ್ತಿದ್ದ.

ಒಂದು ವರ್ಷ ಕೆರೆಯ ನೀರಿನ ಕೊನೆಯ ಪಾಳಿ ನಮ್ಮ ಗದ್ದೆಗೆ ಬಂತು. ಭತ್ತದ ಸಸಿ ಬಾಡತೊಡಗಿತು. ನಿಂತವರನ್ನೆಲ್ಲ ದಾಟಿ ಹೋಗಿ ಕೇಳಿದೆ: "ಅಣ್ಣಾ, ತೂಬು ಬಿಡಾವನಿಗೆ ಒಂದ್ ಮಾತ ಹೇಳು. ಮೊದಲ ನಮಗ ಬಿಡಲಿ."

ಅವನು ಬಲಗಿವಿ ತಿರುಗಿಸಿದ. ನಾನು ಎಡಕ್ಕೆ ಬಂದು ಮತ್ತೆ ಹೇಳಿದೆ.

"ಕೇಳಿಸ್ತು ಗಂಗೂ. ಪಾಳಿ ಬರಲಿ."

"ಒಡಹುಟ್ಟಿದಾಕಿಗೂ ದಿಲ್ಲಿ ತೋರಿಸಿದ್ರಲ್ರೀ," ಎಂದು ಯಾರೋ ಅಂದರು. ಅಂಗಳವೆಲ್ಲ ನಕ್ಕಿತು. ಸಸಿ ಒಣಗಿದ್ದಕ್ಕಿಂತ ಆ ನಗು ನನ್ನನ್ನು ಹೆಚ್ಚು ಸುಟ್ಟಿತು.

ಅದಕ್ಕೇ ಮುಂದಿನ ಚುನಾವಣೆಯಲ್ಲಿ ಓಟು ಕೇಳಲು ಅವನು ನಮ್ಮ ಓಣಿಗೆ ಬಂದಾಗ ಬಾಗಿಲು ಹಾಕಿಕೊಂಡೆ. ನೆರೆಮನೆಯಾಕೆ ಕೂಗಿದಳು: "ಗಂಗಕ್ಕಾ, ನಿಮ್ಮಣ್ಣ ಆರತಿಗೆ ನಿಂತಾನ, ಬಾಗಲಾ ತಗಿಬೇ."

ಆಮೇಲೆ ಅವನ ಧ್ವನಿ ಕೇಳಿಸಿತು: "ಬ್ಯಾಡ್ರಿ, ಆಕಿಗೆ ಆರಾಮ ಇಲ್ಲ ಕಾಣತೈತಿ. ಮುಂದ ನಡೀರಿ."

ತಂಗಿಯೇ ಬಾಗಿಲು ತೆರೆಯಲಿಲ್ಲ, ನಾವೇಕೆ ಓಟು ಹಾಕಬೇಕು ಎಂಬ ಮಾತನ್ನು ಹಿಟ್ಟಿನ ಗಿರಣಿಯಲ್ಲಿ ನಾನೇ ಕೇಳಿದೆ. ಅಣ್ಣ ಸೋತ. ನನ್ನನ್ನು ಒಂದು ಮಾತೂ ಕೇಳಲಿಲ್ಲ. ಹಬ್ಬ ಬಂದರೆ ಮೊದಲಿನಂತೆಯೇ ಕರೆಯುತ್ತಿದ್ದ. ಹೋಗಿ ಉಂಡು ಬರುತ್ತಿದ್ದೆ, ಆ ದಿನದ ಬಗ್ಗೆ ಬಾಯಿ ಬಿಡುತ್ತಿರಲಿಲ್ಲ.

ಅವನು ಹಾಸಿಗೆ ಹಿಡಿದಿದ್ದಾನೆಂದು ಕೇಳಿ, ಅವನಿಗೆ ಇಷ್ಟವಾದ ಕುರುಕಲು ತಿಂಡಿ ಸವಣೂರು ಖಾರ ಕಟ್ಟಿಸಿಕೊಂಡು ಹೋದೆ. ಕಾಲ ಬಳಿ ಹೊದಿಕೆ ಇನ್ನೂ ಚೌಕಾಗಿಯೇ ಮಡಚಿಟ್ಟಿತ್ತು. ಅತ್ತಿಗೆ ಅಡುಗೆಮನೆಯಲ್ಲಿದ್ದಳು. ನಾನು ಬಗ್ಗಿ ಅವನ ಬಲಗಿವಿಯಲ್ಲಿ ಎಲ್ಲ ಹೇಳಿದೆ. ಕೇಳದ ಕಿವಿಗೆ ಹೇಳುವುದು ಸುಲಭವಿತ್ತು.

ಅಣ್ಣ ಕಣ್ಣು ತೆರೆದ. "ಅದು ದಿಲ್ಲಿಗೆ ಹೋತು. ಈ ಕಡೆ ಬಾ."

ಮಂಚ ಸುತ್ತಿ ಎಡಕ್ಕೆ ಹೋದೆ. ಅತ್ತಿಗೆಗೂ ಕೇಳಲೆಂದು ಗಟ್ಟಿಯಾಗಿಯೇ ಹೇಳಿದೆ:

"ಅಣ್ಣಾ, ಅವತ್ತು ನನಗ ಆರಾಮ ಇತ್ತು. ಬೇಕಂತನ ಬಾಗಲಾ ತಗೀಲಿಲ್ಲ. ನಂದು ತಪ್ಪಾತು."