ಅಂಬಾಸಿಡರ್ ಮುಂದೆ ಕುಳಿತ ವೀರ

ಭಾನುವಾರ ಬೆಳಿಗ್ಗೆ ಇಳಕಲ್ಲಿನಿಂದ ಮೊದಲ ಬಸ್ಸು ಹಿಡಿದು ಹತ್ತಿರದ ಯಾವುದಾದರೂ ಊರಿಗೆ ಹೋಗುತ್ತೇನೆ. ಓಣಿ ಓಣಿ ನಡೆದು ಹಳೆಯ ಕಾರುಗಳ, ಸ್ಮಾರಕ ಕಲ್ಲುಗಳ ಫೋಟೊ ತೆಗೆಯುತ್ತೇನೆ. ಮನೆಗೆ ಬಂದು ಡೈರಿಯಲ್ಲಿ ತಾರೀಖು, ಊರು ಬರೆದು ಎಡಕ್ಕೆ ಕಾರಿನ ಲೆಕ್ಕ, ಬಲಕ್ಕೆ ಕಲ್ಲಿನ ಲೆಕ್ಕ ಇಡುತ್ತೇನೆ. ಬಾಗಲಕೋಟೆಯ ನವನಗರಕ್ಕೆ ಹೋದ ವಾರ ಎಡಗಡೆ ತುಂಬುತ್ತದೆ. ಬಾದಾಮಿಗೆ ಹೋದ ವಾರ ಬಲಗಡೆ ಜಾಗ ಸಾಲದು. ಹುನಗುಂದದ ಒಂದು ಫೋಟೊವನ್ನು ಮಾತ್ರ ಎರಡೂ ಕಡೆ ಬರೆಯಬೇಕಾಯಿತು.

ಅಲ್ಲಿಯ ಒಂದು ಓಣಿಯಲ್ಲಿ ನಿವೃತ್ತ ಮಾಸ್ತರರೊಬ್ಬರ ಮನೆ. ಮನೆಯ ಪಕ್ಕದ ಸಂದಿಯಲ್ಲಿ ಅವರ ಹಾಲುಬಣ್ಣದ ಅಂಬಾಸಿಡರ್. ಅದರ ಹಿಂದೆ ಗೋಡೆ. ಮುಂದೆ, ಬಂಪರಿನಿಂದ ಗೇಣು ದೂರದಲ್ಲಿ, ಮೊಳಕಾಲೆತ್ತರದ ಒಂದು ವೀರಗಲ್ಲು. ಗಟಾರ ಅಗೆಯುವಾಗ ಸಿಕ್ಕ ಕಲ್ಲನ್ನು ಕೆಲಸದವರು ಎರಡು ದಿನದ ಮಟ್ಟಿಗೆಂದು ಅಲ್ಲಿ ನಿಲ್ಲಿಸಿದ್ದರಂತೆ. ಮೂರನೆಯ ದಿನ ಯಾರೋ ಎಣ್ಣೆ ಹಚ್ಚಿದರು, ಆಮೇಲೆ ಯಾರೋ ಭಂಡಾರವೆಂದು ಅರಿಸಿನಪುಡಿ ಹಾಕಿದರು. ನಮ್ಮ ಕಡೆ ಎಣ್ಣೆ ಕಂಡ ಕಲ್ಲು ಬರಿಯ ಕಲ್ಲಾಗಿ ಉಳಿಯುವುದಿಲ್ಲ. ಅದನ್ನು ಕೇಳದೆ ಕದಲಿಸುವಂತಿಲ್ಲ. ಹೀಗಾಗಿ ಕಾರು ವರ್ಷದಿಂದ ಸೆರೆಯಲ್ಲಿತ್ತು. ಮಾಸ್ತರರು ವಾರಕ್ಕೊಮ್ಮೆ ಒಳಗೆ ಕುಳಿತು ಎಂಜಿನ್ ಚಾಲೂ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ಆರಿಸಿ ಇಳಿಯುತ್ತಿದ್ದರು.

"ಎಲ್ಲಿಗೆ ಹೋಗಿ ಬಂದ್ರಿ ಮಾಸ್ತರ?" ಎಂದು ಎದುರುಮನೆಯ ಆಯಿ ಕಟ್ಟೆಯ ಮೇಲಿಂದ ಕೇಳುವಳು.

"ಕಾಶಿಗೆ. ಗಂಗಾ ತಂದೇನಿ, ತಂಬಿಗಿ ಹಿಡಿ."

ಹೀಗೆ ನಗುತ್ತಿದ್ದವರಿಗೆ ಈಗ ನಿಜವಾಗಿಯೇ ಕಾರು ಬೇಕಾಗಿತ್ತು. ಮೊಮ್ಮಗಳ ಮದುವೆ ಕೂಡಲಸಂಗಮದಲ್ಲಿ ಗೊತ್ತಾಗಿತ್ತು. ಮಗಳ ಮದುವೆಗೆ ಇದೇ ಕಾರನ್ನು ತಾವೇ ನಡೆಸಿಕೊಂಡು ಹೋಗಿದ್ದ ಮಾಸ್ತರರಿಗೆ ಮೊಮ್ಮಗಳನ್ನೂ ಹಾಗೆಯೇ ಕರೆದೊಯ್ಯುವ ಆಸೆ. ದಿನ ಹತ್ತಿರ ಬಂದಂತೆ ಹುಡುಗಿಯ ಅಪ್ಪ ಬಾಡಿಗೆ ಕಾರಿಗೆ ಹೇಳಿಬಿಡುತ್ತೇನೆಂದು ಅವಸರ ಮಾಡತೊಡಗಿದ್ದ.

ನಾನು ಎರಡನೆಯ ಸಲ ಹೋದ ಭಾನುವಾರ ಓಣಿಯ ಹೆಂಗಸರು ಕಲ್ಲಿಗೆ ಹೂ ಹಚ್ಚಿ ಅಪ್ಪಣೆ ಕೇಳುತ್ತಿದ್ದರು. ಕಲ್ಲಿನ ಎರಡೂ ಬದಿಗೆ ಒದ್ದೆ ಸೇವಂತಿಗೆ ಅಂಟಿಸಿ ಕಾಯಬೇಕು. ಬಲದ ಹೂ ಮೊದಲು ಬಿದ್ದರೆ ಒಪ್ಪಿಗೆ. ಓಣಿಯ ಕೊನೆಯ ಬೇವಿನ ಕಟ್ಟೆಗೆ ಬರುತ್ತೀಯಾ ಎಂದು ಕೇಳಿದರು. ಎಡದ್ದು ಬಿತ್ತು. ಇನ್ನೊಮ್ಮೆ ಕೇಳಿದರು. ಮತ್ತೆ ಎಡದ್ದೇ.

"ಎಡಗಡೆ ಬಿಸಲ ಬಿದ್ದೈತಿ, ಹೂ ಲಗೂ ಒಣಗ್ತೈತಿ," ಎಂದರು ಮಾಸ್ತರರು.

"ಸಾಲಿ ಶಾಸ್ತ್ರ ಸಾಲ್ಯಾಗ ಇಡ್ರಿ," ಎಂದಳು ಆಯಿ.

ಮಾಸ್ತರರು ಕಾರಿನೊಳಗೆ ಹೋಗಿ ಕುಳಿತರು. ಎಂಜಿನ್ ಹಚ್ಚಲಿಲ್ಲ. ಸ್ಟೀರಿಂಗ್ ಮೇಲೆ ಎರಡೂ ಕೈಯಿಟ್ಟರು.

ಆಯಿ ಅವರ ಕಡೆ ಒಮ್ಮೆ ನೋಡಿ ನನ್ನನ್ನು ಕರೆದಳು. "ತಂಗಿ, ಹೋದ ವಾರ ನಮ್ಮ ದೇವರ ಫೋಟೊ ತಗದ್ಯಲ್ಲ, ತೋರ್ಸು."

ಎಣ್ಣೆ, ಭಂಡಾರ ಮೆತ್ತಿ ಕಲ್ಲಿನ ಕೆತ್ತನೆ ಬರಿಗಣ್ಣಿಗೆ ಮಸುಕಾಗಿತ್ತು. ಆದರೆ ಅಂದಿನ ಎಳೆಬಿಸಿಲು ಓರೆಯಾಗಿ ಬಿದ್ದು ಫೋಟೊದಲ್ಲಿ ಎಲ್ಲವೂ ಎದ್ದು ಕಾಣುತ್ತಿತ್ತು. ಕೆಳಗೆ ಕತ್ತಿ ಹಿಡಿದು ಕಾದುವ ವೀರ. ಅದರ ಮೇಲೆ, ಇಬ್ಬರು ಹೆಣ್ಣುಮಕ್ಕಳ ನಡುವೆ ಆರಾಮಾಗಿ ಕುಳಿತ ಅದೇ ವೀರ.

"ಇವ್ರು ಯಾರು?"

"ಅಪ್ಸರೆಯರ್ರಿ ಆಯಿ. ಸತ್ತಾಂವನ್ನ ಪಲ್ಲಕ್ಕ್ಯಾಗ ಸ್ವರ್ಗಕ್ಕ ಕರ್ಕೊಂಡು ಹೊಂಟಾರ."

ಆಯಿ ಮೊಬೈಲನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದಳು. ಆಮೇಲೆ ಹೆಂಗಸರ ಕಡೆ ತಿರುಗಿದಳು. "ನೋಡ್ರೆವ್ವಾ, ಸ್ವರ್ಗಕ್ಕೂ ನಡಕೋತ ಹೋಗಿಲ್ಲಂವ, ಕುಂತ ಹೋಗ್ಯಾನ. ನಾವು ಕಬ್ಬಿಣದ ಹಾರಿ ಹಾಕಿ ಎಬ್ಬಿಸಿ, ಎಳಕೊಂಡ ಒಯ್ತೀವಿ ಅಂದ್ರ ಹೂಂ ಅಂತಾನೇನ?"

"ಮತ್ತ ಪಲ್ಲಕ್ಕಿ ಎಲ್ಲಿಂದ ತರೂದು ಆಯಿ?" ಎಂದು ಒಬ್ಬಳು ಕೇಳಿದಳು.

ಆಯಿ ಗದ್ದ ಎತ್ತಿ ಅಂಬಾಸಿಡರ್ ತೋರಿಸಿದಳು. ಹೊಸ ಹೂ ಹಚ್ಚಿ ತಾನೇ ಕೇಳಿದಳು: "ಕಾರಿನಾಗ ಕುಂಡ್ರಿಸಿಕೊಂಡು ಹೋಗ್ತೀವಪಾ. ಮಾಸ್ತರ ಹೊಡೀತಾರ. ಬರ್ತೀಯೇನ?"

ಬಲದ ಹೂ ಜಾರಿ ಬಿತ್ತು.

ಗದ್ದಲ ಕೇಳಿ ಮಾಸ್ತರರು ಕಿಟಕಿಯಿಂದ ತಲೆ ಹೊರಗೆ ಹಾಕಿದರು. "ಏನಂದ?"

"ಹೂಂ ಅಂದ. ಸಾವಕಾಶ ಹೊಡೀರಿ ಅಂದ."

ಆಯಿ ತನ್ನ ಹಳೆಯ ಇಳಕಲ್ ಸೀರೆ ತಂದು ಹಿಂದಿನ ಸೀಟಿಗೆ ಹಾಸಿದಳು. ನಾಲ್ವರು ಗಂಡಸರು ಕಲ್ಲನ್ನು ಎತ್ತಿ ಒಳಗಿಟ್ಟಾಗ ಸೀಟಿನ ಸ್ಪ್ರಿಂಗು ನರಳಿತು, ಕಾರು ಹಿಂದಕ್ಕೆ ಬಾಗಿತು. ಮಾಸ್ತರರು ಎಂಜಿನ್ ಹಚ್ಚಿದರು. ವರ್ಷದ ಮೇಲೆ ಗಾಲಿ ಉರುಳಿತು. ಬೇವಿನ ಕಟ್ಟೆ ಕಣ್ಣಿಗೆ ಕಾಣುವಷ್ಟೇ ದೂರ. ಅಷ್ಟು ದೂರಕ್ಕೂ ಅವರು ಹಾರ್ನ್ ಹೊಡೆಯುತ್ತಲೇ ಇದ್ದರು, ಹಿಂದೆ ಇಡೀ ಓಣಿ ನಡೆಯಿತು. ನಾನು ಮುಂದೆ ಓಡಿ ಓಡಿ ಫೋಟೊ ತೆಗೆದೆ. ಅರ್ಧಕ್ಕರ್ಧ ಅಲುಗಿವೆ.

ಮದುವೆಗೆ ನನಗೂ ಕರೆ ಬಂತು. ಅಂದು ಬೆಳಿಗ್ಗೆ ಕಾರಿಗೆ ಚೆಂಡುಹೂವಿನ ಮಾಲೆ ಬಿದ್ದಿತ್ತು. ಮಾಸ್ತರರು ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಆಗಲೇ ಸ್ಟೀರಿಂಗ್ ಮುಂದೆ ಕುಳಿತಿದ್ದರು. ಮೊಮ್ಮಗಳು ಸೆರಗು ಸಂಬಾಳಿಸಿಕೊಂಡು ಹಿಂದೆ ಕುಳಿತಳೋ ಇಲ್ಲವೋ, ಕೂಗಿದಳು.

"ಅಜ್ಜಾ, ಈ ಸೀಟ್ ತೆಗ್ಗ ಬಿದ್ದೈತಲ್ಲೋ!"

"ವೀರ ಕುಂತ ಜಾಗಾ ಅದು. ಬಾಜೂಕ ಸರದ ಕುಂಡ್ರವಾ."

ಅವಳು ನಗುತ್ತ ಕಿಟಕಿಯ ಕಡೆಗೆ ಸರಿದಳು. ಮಾಸ್ತರರು ಕನ್ನಡಿಯಲ್ಲಿ ಅವಳನ್ನು ಒಮ್ಮೆ ನೋಡಿ ಗೇರ್ ಹಾಕಿದರು.