ಮಗುಚಿ ಹಾಕಿದ ನಕ್ಷೆ

ಶಹಾಪುರದಲ್ಲಿ ತಾಯಪ್ಪನವರ ಹೊಸ ಮನೆ ಎಲ್ಲಿ ಎಂದು ಕೇಳಿದರೆ ಯಾರೂ ಕ್ರಾಸು, ನಂಬರು ಹೇಳುವುದಿಲ್ಲ. "ಕಿಡಕಿಗಿ ಕೌದಿ ಕಟ್ಟ್ಯಾರಲ್ಲ, ಅದಾ ಮನಿ" ಎನ್ನುತ್ತಾರೆ. ನಿಜವೇ. ರಸ್ತೆಗೆ ಮುಖ ಮಾಡಿದ ನಾಲ್ಕು ದೊಡ್ಡ ಕಿಟಕಿಗಳು, ಕಪ್ಪು ಗಾಜು, ಗಾಜಿನ ಸುತ್ತ ತಾಮ್ರದ ಬಣ್ಣದ ಪಟ್ಟಿ. ಒಂದೊಂದಕ್ಕೂ ಹಳೆಯ ಸೀರೆ ತುಂಡು ಸೇರಿಸಿ ಹೊಲಿದ ಒಂದೊಂದು ಕೌದಿ. ಅಷ್ಟು ಖರ್ಚು ಮಾಡಿ ಕಿಟಕಿ ಇಡಿಸಿ ಅದಕ್ಕೆ ಅಜ್ಜಿಯ ಕಾಲದ ಕೌದಿ ಹೊದಿಸುವ ಬುದ್ಧಿ ಸುಮ್ಮನೆ ಬರುವುದಿಲ್ಲ, ಅದಕ್ಕೆ ಮೂವತ್ತೊಂದು ವರ್ಷದ ಸರ್ವೀಸು ಬೇಕಾಗುತ್ತದೆ.

ತಾಯಪ್ಪನವರು ಕೊಂಕಲ್ ಊರಿನವರು. ಅವರಪ್ಪನ ಮನೆಗೆ ಕಿಟಕಿ ಎಂಬುದೇ ಇರಲಿಲ್ಲ. ಮಾಳಿಗೆಯಲ್ಲಿ ಒಂದು ಬೆಳಕಿಂಡಿ, ಮಳೆ ಬಂದರೆ ಅದಕ್ಕೂ ಬುಟ್ಟಿ ಮುಚ್ಚುತ್ತಿದ್ದರು. ಅಷ್ಟೇ ಬೆಳಕಿನಲ್ಲಿ ಓದಿ ಪಾಸಾಗಿ, ಭೀಮರಾಯನಗುಡಿಯ ಕಾಲುವೆ ಕಚೇರಿಯಲ್ಲಿ ಟ್ರೇಸರ್ ಎಂದು ಸೇರಿದವರು. ಇದನ್ನು ಮೆಚ್ಚಲೇಬೇಕು. ಮೆಚ್ಚದೆ ಇರಬೇಕಾದದ್ದು ಮುಂದಿದೆ.

ಟ್ರೇಸರ್ ಎಂದರೆ ಇಂಜಿನಿಯರ್ ಬರೆದ ನಕ್ಷೆಯ ಮೇಲೆ ತೆಳ್ಳನೆಯ ಕಾಗದ ಹಾಸಿ, ಕೆಳಗೆ ಕಾಣುವ ಗೆರೆಯ ಮೇಲೆಯೇ ಮಸಿಯಲ್ಲಿ ಗೆರೆ ಎಳೆಯುವವನು. ತಾಯಪ್ಪನವರ ಕೈ ಒಮ್ಮೆಯೂ ನಡುಗಲಿಲ್ಲ, ಗೆರೆ ಸೊಟ್ಟಗಾಗಲಿಲ್ಲ, ಅದರಲ್ಲಿ ಒಂದೇ ಒಂದು ಗೆರೆಯೂ ಸ್ವಂತದ್ದಾಗಿರಲಿಲ್ಲ. ಪ್ರತಿ ನಕ್ಷೆಯ ಮೂಲೆಯಲ್ಲಿ ಒಂದು ಚೌಕ ಇರುತ್ತಿತ್ತು. 'ನಕ್ಷೆ ಮಾಡಿದವರು' ಎಂಬಲ್ಲಿ ಯಾರೋ ಒಬ್ಬ ಸಾಹೇಬರ ಸಹಿ, 'ತಪಾಸಣೆ ಮಾಡಿದವರು' ಎಂಬಲ್ಲಿ ಇನ್ನೊಬ್ಬರದು, 'ಟ್ರೇಸ್ ಮಾಡಿದವರು' ಎಂಬಲ್ಲಿ ತಾಯಪ್ಪನವರದು. ಕಂಪ್ಯೂಟರ್ ಬಂದ ಮೇಲೆ ಆ ಕೆಲಸವೂ ಹೋಗಿ, ಕೊನೆಯ ಹತ್ತು ವರ್ಷ ಹಳೆಯ ನಕ್ಷೆಗಳ ಧೂಳು ಒರೆಸಿ ನಿವೃತ್ತರಾದರು. ಆದರೂ ಚಹಾದಂಗಡಿಯಲ್ಲಿ ಯಾರಾದರೂ "ಇಂಜಿನಿಯರ್ ಸಾಹೇಬ್ರ, ಬರ್ರಿ" ಎಂದರೆ, ತಾನು ಅದಲ್ಲ ಎಂದು ಅವರು ಹೇಳಿದ್ದನ್ನು ಕೇಳಿದವರಿಲ್ಲ.

ಶಹಾಪುರದಲ್ಲಿ ಮೂವತ್ತು ನಲವತ್ತರ ಸೈಟು ತೆಗೆದುಕೊಂಡಾಗ ಹೆಂಡತಿ ದೇವಕಮ್ಮ ಕೇಳಿದ್ದು ಒಂದೇ ಒಂದು. ಭೀಮರಾಯನಗುಡಿ ಕ್ಯಾಂಪಿನ ಕ್ವಾರ್ಟರ್ಸಿನಲ್ಲಿ ಆಕೆ ಇಪ್ಪತ್ತೆಂಟು ವರ್ಷ ಮಸಿ ಹಿಡಿದ ಗೋಡೆಗೆ ಮುಖ ಮಾಡಿ ರೊಟ್ಟಿ ಬಡಿದವಳು. ಒಮ್ಮೆ ಮಾತ್ರ, ದೊಡ್ಡ ಇಂಜಿನಿಯರರ ಬಂಗಲೆಯಲ್ಲಿ ಏನೋ ಕಾರ್ಯವಿದ್ದಾಗ, ರೊಟ್ಟಿ ಬಡಿಯಲು ಅಲ್ಲಿಗೆ ಹೋಗಿದ್ದಳು. ಅಲ್ಲಿ ಒಲೆಯ ಎದುರಿಗೇ ಕಿಟಕಿ. ಪಡುವಣ ಗಾಳಿ ನೇರ ಮುಖಕ್ಕೆ. ಆ ದಿನ ನೂರಿಪ್ಪತ್ತು ರೊಟ್ಟಿ ಬಡಿದರೂ ದಣಿವಾಗಲಿಲ್ಲ ಎಂದು ಇಂದಿಗೂ ಹೇಳುತ್ತಾಳೆ.

"ನನಗ ಬಂಗಾರ ಬ್ಯಾಡ, ಅದು ಬ್ಯಾಡ, ಇದು ಬ್ಯಾಡ," ಎಂದಳು. "ರೊಟ್ಟಿ ಬಡಿಯೋ ಮುಂದ ಮಾರಿಗಿ ಗಾಳಿ ಬೀಳಬೇಕು, ಹಾದ್ಯಾಗ ಹೋಗೋರು ಕಾಣಬೇಕು. ಆ ಸಾಹೇಬ್ರ ಮನ್ಯಾಗ ಇತ್ತಲ್ರಿ, ಅಂಥಾದೊಂದು ಕಿಡಕಿ. ಅಷ್ಟ ಸಾಕು."

"ಅಂಥಾದ್ಯಾಕ? ಅದನ್ನಾ ತಂದು ಕೂಡಸ್ತೀನಿ," ಎಂದು ತಾಯಪ್ಪನವರು ಟ್ರಂಕು ತೆಗೆದರು. ಆ ಬಂಗಲೆಯ ರಿಪೇರಿ ಆಗಿದ್ದಾಗ ಅದರ ನಕ್ಷೆಯನ್ನು ಟ್ರೇಸ್ ಮಾಡಿದವರು ಅವರೇ. ಒಂದು ಪ್ರತಿ ತಮಗೂ ಇಟ್ಟುಕೊಂಡಿದ್ದರು.

ದೇವಕಮ್ಮನ ತಮ್ಮ ಬಾಲಪ್ಪ ಬಂದು, ಸುರಪುರದಲ್ಲಿ ವಾಸ್ತು ನೋಡುವವರಿದ್ದಾರೆ, ಕಿಟಕಿ ಬಾಗಿಲು ಅವರಿಗೊಮ್ಮೆ ತೋರಿಸಿ ಎಂದ. ತಾಯಪ್ಪನವರು ಕೆಂಡವಾದರು. "ಬಾಬಾಸಾಹೇಬ್ರ ಫೋಟೋ ಹಾಕೋ ಮನಿ ಇದು. ಇಲ್ಲಿ ವಾಸ್ತು ಗೀಸ್ತು ನಡಿಯಂಗಿಲ್ಲ. ಸೈನ್ಸ್ ಅಷ್ಟ." ಒಳ್ಳೆಯ ಮಾತು. ಆದರೆ ದಿಕ್ಕುಗಳಿಗೆ ಹೆದರದ ತಾಯಪ್ಪನವರು ದಿಕ್ಕುಗಳ ಕಡೆ ತಿರುಗಿಯೂ ನೋಡಲಿಲ್ಲ. ಮುಂಬಾಗಿಲಿನಿಂದ ಅವರು ಓಡಿಸಿದ ಮೂಢನಂಬಿಕೆ ಸುರುಳಿ ಸುತ್ತಿಕೊಂಡು ಟ್ರಂಕಿನಲ್ಲಿ ಮಲಗಿತ್ತು.

ಬಂಗಲೆಗೆ ಪೂರ್ವದ ಬಾಗಿಲು. ಇವರ ಸೈಟಿಗೆ ರಸ್ತೆ ಇದ್ದದ್ದು ಪಶ್ಚಿಮಕ್ಕೆ. ಮೂರು ದಿನ ತಲೆ ಕೆಡಿಸಿಕೊಂಡರು. ನಾಲ್ಕನೆಯ ದಿನ ಜ್ಞಾನೋದಯವಾಯಿತು: ಟ್ರೇಸಿಂಗ್ ಕಾಗದವನ್ನು ಮಗುಚಿ ಹಾಕಿದರು. ತೆಳ್ಳನೆಯ ಕಾಗದ, ಹಿಂದಿನಿಂದಲೂ ಗೆರೆ ಚೆನ್ನಾಗಿಯೇ ಕಾಣುತ್ತದೆ. ಪೂರ್ವದ ಬಾಗಿಲು ಪಶ್ಚಿಮಕ್ಕೆ ಬಂತು. ಜೆರಾಕ್ಸ್ ಅಂಗಡಿಯಲ್ಲಿ ಅದನ್ನು ಸೈಟಿಗೆ ತಕ್ಕಷ್ಟು ಸಣ್ಣದು ಮಾಡಿಸಿ, ಮೇಲೆ ಹೊಸ ಕಾಗದ ಹಾಸಿ ಟ್ರೇಸ್ ಮಾಡಿದರು. ಮೂಲೆಯ ಚೌಕದ ಎಲ್ಲ ಜಾಗದಲ್ಲೂ, ತಪಾಸಣೆಯದ್ದೂ ಸೇರಿ, ತಮ್ಮದೇ ಸಹಿ ಹಾಕಿದರು. ಆ ರಾತ್ರಿ ಬಹಳ ಚೆನ್ನಾಗಿ ನಿದ್ದೆ ಬಂತು.

ಕಾಗದ ಮಗುಚಿದರೆ ಸೂರ್ಯನೂ ಮಗುಚಿಕೊಳ್ಳುತ್ತಾನೆಯೇ ಎಂದು ಕೇಳುವವರು ಮನೆಯಲ್ಲಿರಲಿಲ್ಲ. ಮಗಳು ಮಲ್ಲೇಶ್ವರಿಯ ಬಾಣಂತನಕ್ಕೆಂದು ದೇವಕಮ್ಮ ರಾಮಸಮುದ್ರಕ್ಕೆ ಹೋಗಿ ಕುಳಿತಿದ್ದಳು. ಕೇಳಿದವನು ಗೌಂಡಿ ಅಬ್ದುಲ್ ಕರೀಮ. ಗೋಡೆ ಸೊಂಟದೆತ್ತರಕ್ಕೆ ಬಂದಾಗ ಕರಣೆ ಕೆಳಗಿಟ್ಟ.

"ಸಾಹೇಬ್ರ, ಈ ನಾಕೂ ಕಿಡಕಿ ಸೂರ್ಯಾ ಮುಣಗೋ ಕಡಿ ಬರ್ತಾವ್ರಿ. ಬ್ಯಾಸಗ್ಯಾಗ ಒಳಗ ಕುಂದ್ರಾಕ ಆಗಂಗಿಲ್ಲ. ಅಡಗಿ ಮನಿ ಕಿಡಕಿ ಹಿಂದಿನ ಮನಿ ನಾಗಣ್ಣನ ಗ್ವಾಡಿಗಿ ಹೋಗಿ ಬಡೀತದ. ಅದನ್ನ ಈ ಮಗ್ಗಲ ಗ್ವಾಡಿಗಿ ಹಾಕೂನ್ರಿ. ಓಣಿ ಅದ, ಬೇವಿನ ಗಿಡ ಅದ, ಗಾಳಿ ಅದ."

"ಆ ಗ್ವಾಡಿಗಿ ಕಿಡಕಿ ಬರಂಗಿಲ್ಲ, ಕರೀಮಭಾಯ್."

"ಯಾಕ್ರಿ?"

"ನಕ್ಷಾದಾಗ ಇಲ್ಲ."

ನಕ್ಷೆಯಲ್ಲಿ ಯಾಕಿಲ್ಲವೆಂದರೆ, ಬಂಗಲೆಯ ಆ ದಕ್ಷಿಣದ ಗೋಡೆಗೆ ಸರ್ಕಾರಿ ಜೀಪಿನ ಶೆಡ್ ಅಂಟಿಕೊಂಡಿತ್ತು. ತಾಯಪ್ಪನವರ ಬಳಿ ಇದ್ದದ್ದು ಒಂದು ಹಳೆಯ ಮೊಪೆಡ್. ಎಂದೂ ಬಾರದ ಆ ಜೀಪಿನ ಮರ್ಯಾದೆ ಕಾಯಲು ಒಂದು ಇಡೀ ಗೋಡೆ ಕುರುಡಾಗಿ ಎದ್ದು ನಿಂತಿತು.

"ಮನ್ಯಾಗ ನಕ್ಷಾ ಇರಂಗಿಲ್ರಿ ಸಾಹೇಬ್ರ, ನೀವ ಇರ್ತೀರಿ," ಎಂದ ಕರೀಮ.

"ಇಟ್ಟಂಗಿ ಇಡೂದು ನಿನ್ನ ಕೆಲಸ. ಗೆರಿ ಹಾಕೂದು ನಂದು."

ಕರೀಮ ಕರಣೆ ಎತ್ತಿಕೊಂಡ. ಗೆರೆ ಇದ್ದಂತೆ ಇಟ್ಟಂಗಿ ಇಟ್ಟ.

ಗೃಹಪ್ರವೇಶದ ದಿನ ಬುದ್ಧವಂದನೆ ಮುಗಿಯುತ್ತಲೇ ದೇವಕಮ್ಮ ನೇರ ಅಡುಗೆಮನೆಗೆ ಹೋದಳು. ಕಿಟಕಿ ತೆರೆದಳು. ಎದುರಿಗೆ ನಾಗಣ್ಣನ ಮನೆಯ ಹಿಂದಿನ ಗೋಡೆ, ಗಿಲಾವು ಇಲ್ಲದ್ದು, ಅದರ ಮೇಲೆ ಬಚ್ಚಲಿನ ಪೈಪು. ಕೈ ಚಾಚಿದಳು. ಬೆರಳು ಇಟ್ಟಂಗಿಗೆ ತಾಗಿದವು.

ಹಿಂದೆಯೇ ಬಂದ ತಾಯಪ್ಪನವರು ಎದೆಯುಬ್ಬಿಸಿ, "ನೋಡು, ಅದಾ ಕಿಡಕಿ. ಅಲ್ಲಿದ್ದಂಗ, ವಲಿ ಎದರಿಗೆ" ಎಂದರು.

"ಹೌದ್ರಿ, ಅದಾ ಕಿಡಕಿ," ಎಂದಳು ದೇವಕಮ್ಮ. ಮೆಲ್ಲಗೆ ಮುಚ್ಚಿದಳು. ಆಕೆಯ ಕಣ್ಣಲ್ಲಿ ನೀರಿತ್ತು. ಸಂತೋಷಕ್ಕೆ ಮಾತು ಹೊರಡುತ್ತಿಲ್ಲ ಎಂದು ತಾಯಪ್ಪನವರು ತಿಳಿದುಕೊಂಡರು, ಬಂದ ಮಂದಿಗೂ ಹಾಗೆಯೇ ಹೇಳಿಕೊಂಡು ತಿರುಗಿದರು.

ಬೇಸಿಗೆ ಬಂತು. ಮಧ್ಯಾಹ್ನ ಮೂರಾದರೆ ಸಾಕು, ನಾಲ್ಕು ಕಪ್ಪು ಗಾಜುಗಳಿಂದ ಬಿಸಿಲು ಒಳಗೆ ಬಂದು ಸೋಫಾದ ಮೇಲೆ ಕಾಲು ಚಾಚಿ ಕೂರುತ್ತಿತ್ತು. ಪರದೆ ಹಾಕಿದರು, ಪರದೆ ಬಿಸಿಯಾಯಿತು. ಪೇಪರ್ ಅಂಟಿಸಿದರು, ಉದುರಿತು. ಕೊನೆಗೆ ಕೌದಿ ಬಂದವು. ಸಾಹೇಬರು ಮಾತ್ರ ಹೊರಗೆ, ಓಣಿಯಲ್ಲಿ, ಬೇವಿನ ಗಿಡದ ಕೆಳಗೆ ಹೊರಸು ಹಾಕಿಕೊಂಡು, ತಾವೇ ಕಟ್ಟಿಸಿದ ಕುರುಡು ಗೋಡೆಗೆ ಬೆನ್ನು ಕೊಟ್ಟು ಕೂರುತ್ತಿದ್ದರು. ಅಲ್ಲಿ ಗಾಳಿ ಸೊಗಸಾಗಿತ್ತು. ಯಾಕ್ರಿ ಒಳಗ ಕುಂದ್ರಂಗಿಲ್ಲ ಎಂದು ಯಾರಾದರೂ ಕೇಳಿದರೆ, ಡಾಕ್ಟರು ಹೊರಗಿನ ಗಾಳಿ ತೆಗೆದುಕೊಳ್ಳಲು ಹೇಳಿದ್ದಾರೆ ಎನ್ನುತ್ತಿದ್ದರು. ಗೋಡೆಯ ಆ ಬದಿಯಲ್ಲಿ ದೇವಕಮ್ಮ ರೊಟ್ಟಿ ಬಡಿಯುವ ಸದ್ದು ಅವರ ಬೆನ್ನಿಗೆ ಕೇಳುತ್ತಿತ್ತು.

ಒಂದು ದಿನ ಆ ಸದ್ದು ನಡುವೆಯೇ ನಿಂತುಹೋಯಿತು.

ತಾಯಪ್ಪನವರು ಸ್ವಲ್ಪ ಹೊತ್ತು ಕಾದರು. ಮತ್ತೆ ಬಡಿಯಲಿಲ್ಲ. ಎದ್ದು ಒಳಗೆ ಓಡಿದರು. ದೇವಕಮ್ಮ ಕಟ್ಟೆಯ ಕೆಳಗೆ ಗೋಡೆಗೆ ಒರಗಿ ಕುಳಿತಿದ್ದಳು, ಕಣ್ಣು ಮುಚ್ಚಿತ್ತು, ಕುಪ್ಪಸ ತೊಯ್ದಿತ್ತು, ಹಂಚಿನ ಮೇಲೆ ರೊಟ್ಟಿ ಹೊತ್ತಿ ಕರ್ರಗಾಗಿತ್ತು. ಒಲೆ ಆರಿಸಿ ನೀರು ಚಿಮುಕಿಸಿದರು. ಬೀಸಲು ಏನಾದರೂ ಬೇಕೆಂದು ತಡಕಾಡಿದಾಗ ಸಿಕ್ಕಿದ್ದು ಕಪಾಟಿನ ಮೇಲೆ ಮಡಿಸಿಟ್ಟಿದ್ದ ಮನೆಯ ನಕ್ಷೆ. ಅದರಿಂದಲೇ ಬೀಸಿದರು. ಆ ನಕ್ಷೆಯಿಂದ ಆ ಅಡುಗೆಮನೆಗೆ ಬಂದ ಮೊದಲ ಗಾಳಿ ಅದು.

ದೇವಕಮ್ಮ ಕಣ್ಣು ತೆರೆದು ಮೊದಲು ಗಂಡನನ್ನು, ಆಮೇಲೆ ಅವರ ಕೈಯಲ್ಲಿದ್ದುದನ್ನು ನೋಡಿದಳು. ಬೈಯಲಿಲ್ಲ. "ಕರೀಮಣ್ಣಗ ಫೋನ್ ಹಚ್ರಿ," ಎಂದಳು.

ಮರುದಿನ ಬೆಳಿಗ್ಗೆ ಕರೀಮ ಉಳಿ ಸುತ್ತಿಗೆ ತಂದ. ದಕ್ಷಿಣದ ಗೋಡೆಯ ಮುಂದೆ ನಿಂತು, "ಎಲ್ಲಿಂದ ಎಲ್ಲೀತನಕ ಒಡೀಲಿ? ಗೆರಿ ಹಾಕಿಕೊಡ್ರಿ ಸಾಹೇಬ್ರ," ಎಂದ. ಅವನ ದನಿಯಲ್ಲಿ ಕುಹಕ ಇರಲಿಲ್ಲ. ಅದೇ ಹೆಚ್ಚು ಚುಚ್ಚಿತು.

ತಾಯಪ್ಪನವರು ಪೆನ್ಸಿಲ್ ಹಿಡಿದು ಗೋಡೆಯ ಮುಂದೆ ನಿಂತರು. ಬರೀ ಗೋಡೆ. ಕೆಳಗೆ ಯಾವ ಸಾಹೇಬರ ಗೆರೆಯೂ ಇಲ್ಲ. ಪೆನ್ಸಿಲ್ ಗೋಡೆಗೆ ತಾಗುತ್ತದೆ, ಮುಂದಕ್ಕೆ ಹೋಗುವುದಿಲ್ಲ. ಒಂದು ಚೌಕ, ಶಾಲೆಯ ಹುಡುಗರೂ ಬರೆಯುವಂಥದ್ದು, ಅವರಿಂದ ಆಗಲಿಲ್ಲ. ಇಷ್ಟು ವರ್ಷ ಯಾರಿಗೂ ಹೇಳದಿದ್ದದ್ದು ಈಗ ಹೆಂಡತಿಗೂ ಗೌಂಡಿಗೂ ಒಟ್ಟಿಗೇ ಗೊತ್ತಾಯಿತು.

ದೇವಕಮ್ಮ ಕೊಣಮಿಗೆಯಲ್ಲಿ ಹಿಟ್ಟು ನಾದುತ್ತಿದ್ದವಳು ಹಾಗೆಯೇ ಎದ್ದು ಬಂದಳು. ರೊಟ್ಟಿ ಬಡಿಯುವಾಗ ನಿಲ್ಲುವಂತೆ ಗೋಡೆಯ ಮುಂದೆ ನಿಂತಳು. ಎಡಗೈ ಚಾಚಿ ಹಿಟ್ಟಿನ ಅಂಗೈ ಒತ್ತಿದಳು, ಬಲಗೈ ಚಾಚಿ ಒತ್ತಿದಳು, ತುದಿಗಾಲಿನಲ್ಲಿ ನಿಂತು ಮೇಲೆ ಎರಡು ಒತ್ತಿದಳು. "ವಲಿ ಈ ಕಡಿ ಸರಸ್ತೀನಿ. ಇಷ್ಟು ಒಡೀರಿ, ಕರೀಮಣ್ಣ."

ಕರೀಮ ಸುತ್ತಿಗೆ ಎತ್ತಿದ.

"ತಡಿ, ತಡಿ," ಎಂದು ತಾಯಪ್ಪನವರು ಒಳಗೆ ಓಡಿ ಟ್ರೇಸಿಂಗ್ ಕಾಗದ ತಂದರು. ಗೋಡೆಯ ಮೇಲೆ ಹಾಸಿ, ಆ ನಾಲ್ಕು ಅಂಗೈ ಗುರುತುಗಳನ್ನೂ ನಡುವಿನ ಚೌಕವನ್ನೂ ಎಳೆದರು. ಈಗ ಕೈ ಸಲೀಸಾಗಿ ಓಡಿತು. ಮೂಲೆಯಲ್ಲಿ 'ನಕ್ಷೆ ಮಾಡಿದವರು: ದೇವಕಮ್ಮ' ಎಂದು ಬರೆದು, 'ಟ್ರೇಸ್ ಮಾಡಿದವರು' ಎಂಬಲ್ಲಿ ತಮ್ಮ ಸಹಿ ಹಾಕಿದರು. ತಪಾಸಣೆಯ ಜಾಗ ಖಾಲಿ ಬಿಟ್ಟರು.

ಸಂಜೆಯ ಹೊತ್ತಿಗೆ ಗೋಡೆಯಲ್ಲಿ ಬಯಲು ಕಂಡಿತು. ಬೇವಿನ ಟೊಂಗೆ, ಓಣಿ, ನೀರಿನ ಕೊಡ ಹೊತ್ತು ಹೊರಟಿದ್ದ ಅದೇ ಓಣಿಯ ಮೌನೇಶ್ವರಿ. "ದೇವಕ್ಕ, ಇದೇನ ಇಲ್ಲಿ ಕಾಣಾಕತ್ತಿ!" ಎಂದು ಆಕೆ ಹೊರಗಿನಿಂದ ಕೂಗಿದಳು. ತಾಯಪ್ಪನವರಿಗೆ ಹಿಗ್ಗು ತಡೆಯಲಾಗಲಿಲ್ಲ. ಆ ಬಯಲಿನ ಮುಂದೆಯೇ ಸೊಂಟದ ಮೇಲೆ ಕೈಯಿಟ್ಟು ನಿಂತು, ಇದು ಹೇಗೆ ದಕ್ಷಿಣಕ್ಕಿದೆ, ಗಾಳಿ ಯಾವ ಕೋನದಲ್ಲಿ ಬರುತ್ತದೆ ಎಂದು ಕರೀಮನಿಗೆ ವಿವರಿಸತೊಡಗಿದರು.

ಹಿಂದಿನಿಂದ ದೇವಕಮ್ಮ ಹಿಟ್ಟಿನ ಕೈಯಿಂದಲೇ ಅವರ ತೋಳು ಹಿಡಿದು ಬದಿಗೆ ದೂಡಿದಳು.

"ಅಡ್ಡ ನಿಂತೀರಿ, ಸರೀರಿ ಅತ್ಲಾಗ. ಗಾಳಿ ಬರ್ಲಿ."