ಕೋಯಂಬೇಡಿಗೆಂದು ಹೋದ ಭಾನುವಾರಗಳು

ನಮ್ಮ ಮಗಳು ಬೈಕ್ ರೇಸಿಗೆ ಇಳಿದಿದ್ದಳೆಂಬುದನ್ನು ನಾನು ನನ್ನ ಗಂಡನಿಂದ ಮುಚ್ಚಿಟ್ಟೆ. ಒಂದೆರಡು ದಿನವಲ್ಲ, ಅವಳ ಕಾಲೇಜಿನ ವರ್ಷಗಳಷ್ಟೂ. ಅವಳ ಗುಟ್ಟನ್ನು ಕಾಪಾಡಿದೆ ಎಂದು ಬಹಳ ಕಾಲ ನನಗೆ ನಾನೇ ಹೇಳಿಕೊಂಡೆ. ಅದು ಅವಳ ಗುಟ್ಟಾಗಿರಲಿಲ್ಲ — ನನ್ನದಾಗಿತ್ತು.

ವೆಸ್ಟ್ ಮಾಂಬಲಂನ ನಮ್ಮ ಫ್ಲ್ಯಾಟಿನಲ್ಲಿ ಏನೇ ತೀರ್ಮಾನವಾಗಲಿ, ಕೊನೆಯ ಮಾತು ನನ್ನದು. ನಮ್ಮವರು ಇನ್ಶೂರೆನ್ಸ್ ಆಫೀಸಿನಿಂದ ನಿವೃತ್ತರಾದವರು, ಮೆತ್ತಗಿನ ಮನುಷ್ಯ. ಅವರ ತಮ್ಮ ಗೋಪಿ ಮಣಲಿಯ ಕಾರ್ಖಾನೆಯಿಂದ ಬೈಕಿನಲ್ಲಿ ಮನೆಗೆ ಬರುತ್ತಾ ಟ್ಯಾಂಕರ್ ಲಾರಿಗೆ ಸಿಕ್ಕಿ ತೀರಿಕೊಂಡ. ಆಮೇಲೆ ನಮ್ಮ ಮನೆಗೆ ಬೈಕು, ಸ್ಕೂಟರು ಯಾವುದೂ ಬರಲಿಲ್ಲ. ಬೀದಿಯಲ್ಲಿ ಯಾರಾದರೂ ಜೋರಾಗಿ ಬೈಕ್ ಓಡಿಸಿಕೊಂಡು ಹೋದರೆ ಇವರು ಓದುತ್ತಿದ್ದ ಪೇಪರು ಕೆಳಗಿಟ್ಟು, ಸದ್ದು ಪೂರ್ತಿ ದೂರವಾದ ಮೇಲೆ ಮತ್ತೆ ಎತ್ತಿಕೊಳ್ಳುತ್ತಿದ್ದರು.

ಅಂಥವರ ಮಗಳು ಮೈಥಿಲಿ. ಗೆಳತಿಯ ಅಣ್ಣನ ಬೈಕಿನಲ್ಲಿ ಕಲಿತು, ಊರಾಚೆಯ ಟ್ರ್ಯಾಕಿಗೆ ಹೋಗುತ್ತಿದ್ದೇನೆ ಎಂದು ಮೊದಲು ಬಂದು ಹೇಳಿದ್ದು ನನಗೆ. ನಿಲ್ಲಿಸಿಬಿಡಬೇಕು ಎಂದೇ ಅವಳ ಜೊತೆ ಹೊರಟೆ. ತಿರುವಿನಲ್ಲಿ ಅವಳು ಮಂಡಿ ನೆಲಕ್ಕೆ ತಾಗುವಷ್ಟು ಬಾಗಿ, ಮತ್ತೆ ನೆಟ್ಟಗಾಗಿ, ನನ್ನ ಮುಂದೆ ಹಾದುಹೋದಳು. ನಾನು ಏನನ್ನೂ ನಿಲ್ಲಿಸಲಿಲ್ಲ.

ಆಮೇಲಿನ ಭಾನುವಾರಗಳಲ್ಲಿ ಅವಳಿಗೆ ಕಾಲೇಜಿನಲ್ಲಿ ಸ್ಪೆಷಲ್ ಕ್ಲಾಸು, ನನಗೆ ಕೋಯಂಬೇಡಿನ ದೊಡ್ಡ ಮಾರ್ಕೆಟ್ಟಿನಲ್ಲಿ ತರಕಾರಿ. ಕೋಯಂಬೇಡಿಗೆ ಹೋಗುತ್ತಿದ್ದುದು ನಿಜವೇ — ಟ್ರ್ಯಾಕಿನ ಕಡೆಯ ಬಸ್ಸು ಹಿಡಿಯುವುದಕ್ಕೆ. ವಾಪಸು ಬರುವಾಗ ಮಾರ್ಕೆಟ್ಟಿಗೆ ನುಗ್ಗಿ, ಬಾಡಿದ ಕೊತ್ತಂಬರಿಯೋ ಎರಡು ಸೋರೆಕಾಯಿಯೋ ಚೀಲಕ್ಕೆ ಹಾಕಿಕೊಳ್ಳುತ್ತಿದ್ದೆ. “ಅಷ್ಟು ದೂರ ಹೋಗಿ ಇಷ್ಟೇ ತಂದ್ಯಾ?” ಎಂದು ಇವರು ನಗುತ್ತಿದ್ದರು. ನಾನೂ ನಗುತ್ತಿದ್ದೆ. ಸುಳ್ಳು ಹೇಳುವುದರಲ್ಲಿ ನಾನು ಗಟ್ಟಿಗಿತ್ತಿ — ಅದನ್ನೂ ಇಲ್ಲಿ ಒಪ್ಪಿಕೊಳ್ಳಬೇಕು.

ಒಂದು ಭಾನುವಾರ ಹುಡುಗಿಯರ ರೇಸಿನಲ್ಲಿ ಮೈಥಿಲಿ ಮೊದಲು ಬಂದಳು. ಹೆಲ್ಮೆಟ್ ತೆಗೆದು, ಅಷ್ಟು ಜನರ ನಡುವೆ ನನ್ನೊಬ್ಬಳನ್ನೇ ಹುಡುಕಿಕೊಂಡು ಓಡಿಬಂದು ತಬ್ಬಿಕೊಂಡಳು. ಬೆವರು, ಪೆಟ್ರೋಲು, ಧೂಳು — ಇವತ್ತಿಗೂ ಆ ವಾಸನೆ ಮರೆತಿಲ್ಲ. ಆಗ ಕೇಳಿದಳು, ಸಂತೋಷವಾದಾಗ ಮಾತಾಡುವ ತಮಿಳಿನಲ್ಲೇ: ಅಮ್ಮಾ, ಇವತ್ತಾದರೂ ಅಪ್ಪನಿಗೆ ಹೇಳಿಬಿಡೋಣವಾ?

“ಬೇಡ ಕಣೆ. ಅವರ ಕೈಲಿ ತಡೆಯೋಕಾಗಲ್ಲ,” ಎಂದೆ.

ಅವಳ ಮುಖ ಸಪ್ಪಗಾಯಿತು. ಮತ್ತೆಂದೂ ಕೇಳಲಿಲ್ಲ. ಗೆದ್ದ ಟ್ರೋಫಿ ಅವಳ ಗೆಳತಿಯ ಮನೆಯಲ್ಲೇ ಉಳಿಯಿತು. ಕಾಲೇಜು ಮುಗಿಯುವ ಹೊತ್ತಿಗೆ ಮಂಡಿನೋವು ಶುರುವಾಗಿ, ರೇಸನ್ನು ತಾನಾಗಿಯೇ ಬಿಟ್ಟಳು. ಈಗ ತಾಂಬರಂನಲ್ಲಿ ಗಂಡನ ಜೊತೆ ಇದ್ದಾಳೆ, ಬೇರೆಯವರ ಮಂಡಿನೋವಿಗೆ ವ್ಯಾಯಾಮ ಹೇಳಿಕೊಡುವ ಕೆಲಸ. ಎಲ್ಲ ಸುಸೂತ್ರವಾಗಿ ಮುಗಿಯಿತು ಎಂದುಕೊಂಡಿದ್ದೆ.

ಹೋದ ತಿಂಗಳು ನಾವಿಬ್ಬರೂ ವಡಪಳನಿಯಲ್ಲಿ ಮಧ್ಯಾಹ್ನದ ಆಟಕ್ಕೆ ಹೋದೆವು. ಏನು ಸಿನಿಮಾ ಎಂದು ಇವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಬೈಕ್ ರೇಸಿನ ಹುಚ್ಚು ಹಿಡಿಸಿಕೊಂಡ ಬಸ್ ಕಂಡಕ್ಟರನ ಕತೆ. ಇವರು ಎದ್ದು ಹೋಗುತ್ತಾರೇನೋ ಅಂದುಕೊಂಡೆ — ಇಲ್ಲ. ಅವನು ಬಿದ್ದಾಗಲೆಲ್ಲ ಕುರ್ಚಿಯ ಕೈ ಹಿಡಿದುಕೊಂಡರು, ಎದ್ದಾಗಲೆಲ್ಲ ನಕ್ಕರು. ಕೊನೆಯಲ್ಲಿ, ಮಗನ ಜೊತೆ ಮಾತು ಬಿಟ್ಟಿದ್ದ ಅಪ್ಪ ಟ್ರ್ಯಾಕಿಗೆ ಬರುತ್ತಾನೆ. ಹೆಲ್ಮೆಟ್ಟು ಹಾಕಿದವರಲ್ಲಿ ತನ್ನ ಮಗ ಯಾರೆಂದು ತಿಳಿಯದೆ, ಹಾದುಹೋದವರಿಗೆಲ್ಲ ಚಪ್ಪಾಳೆ ಹೊಡೆಯುತ್ತಾನೆ. ಪಕ್ಕಕ್ಕೆ ತಿರುಗಿದೆ. ಇವರು ಕನ್ನಡಕ ತೆಗೆದು, ನಗುತ್ತಲೇ ಕಣ್ಣೊರೆಸಿಕೊಳ್ಳುತ್ತಿದ್ದರು. ತಡೆಯಲಾರರು ಎಂದು ನಾನು ತೀರ್ಮಾನಿಸಿದ್ದ ಮನುಷ್ಯ.

ಹೊರಗೆ ಕಾಫಿ ಕುಡಿಯುತ್ತಾ ಹೇಳಿಬಿಟ್ಟೆ. ಟ್ರ್ಯಾಕು, ಬಸ್ಸು, ತರಕಾರಿ ಚೀಲ, ಟ್ರೋಫಿ. ಇವರು ಲೋಟ ಕೆಳಗಿಟ್ಟರು.

“ನಂಗೆ ಭಯ ಆಗ್ತಿತ್ತು, ನಿಜ,” ಎಂದರು. “ಭಯಪಟ್ಕೊಂಡೇ ಬಂದು ನಿಂತಿರ್ತಿದ್ದೆ ಕಣೆ. ಅದಕ್ಕೂ ಬಿಡ್ಲಿಲ್ವಲ್ಲ ನೀನು.”

ಅಲ್ಲೇ ಮಗಳಿಗೆ ಫೋನ್ ಮಾಡಿ, ಸ್ಪೀಕರಿಗೆ ಹಾಕಿ, ನನಗ್ಯಾಕಮ್ಮ ಹೇಳಲಿಲ್ಲ ಎಂದು ಕೇಳಿದರು. ಮೈಥಿಲಿ ಅಂದಳು, “ಭಯ ಆಯ್ತಪ್ಪಾ. ಸಾರಿ ಅಪ್ಪಾ.”

ನನ್ನನ್ನು ಉಳಿಸುತ್ತಿದ್ದಳು. ಸುಮ್ಮನಿದ್ದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು.

“ಅವಳು ಹೇಳ್ತೀನಿ ಅಂದ್ಳು,” ಎಂದೆ. “ನಾನೇ ಬೇಡ ಅಂದೆ. ನಿಮ್ಮ ಭಯಕ್ಕಲ್ಲ. ಗೆದ್ದಾಗ ಅವಳು ನನ್ನೊಬ್ಬಳ ಹತ್ರಾನೇ ಓಡಿ ಬರ್ತಿದ್ಳು — ಅದು ನಂಗೆ ಬೇಕಾಗಿತ್ತು.”

ಇವರು ನನ್ನನ್ನೇ ನೋಡಿದರು. ಬೈಯಲಿಲ್ಲ. ಫೋನಿನಲ್ಲಿ ಮಗಳು ಅಳುತ್ತಿದ್ದಳೋ ಏನೋ, ರಸ್ತೆಯ ಗಲಾಟೆಯಲ್ಲಿ ನನಗೆ ಕೇಳಿಸಲಿಲ್ಲ. ಆಟೋದಲ್ಲಿ ಮನೆಯವರೆಗೂ ಇವರು ಹೊರಗೆ ನೋಡುತ್ತಾ ಕೂತಿದ್ದರು.

ಈಗ ಒಮ್ಮೊಮ್ಮೆ, ಊಟದ ನಡುವೆ ಕೇಳುತ್ತಾರೆ: ಅವಳ ಬೈಕು ಯಾವ ಬಣ್ಣದ್ದು, ಹೊರಡುವ ಮೊದಲು ಏನು ಮಾಡುತ್ತಿದ್ದಳು, ಎಂದಾದರೂ ಬಿದ್ದಿದ್ದಳೇ, ಬಿದ್ದಾಗ ಅತ್ತಳೇ. ನಾನು ಹೇಳುತ್ತೇನೆ. ಯಾವುದನ್ನೂ ಸೇರಿಸುವುದಿಲ್ಲ, ಬಿಡುವುದೂ ಇಲ್ಲ. ಇವರು ಕಣ್ಣು ಕಿರಿದು ಮಾಡಿ, ದೂರದ್ದೇನನ್ನೋ ನೋಡುವವರ ಹಾಗೆ ಕೇಳಿಸಿಕೊಳ್ಳುತ್ತಾರೆ. ನಾನು ಎಷ್ಟು ಚೆನ್ನಾಗಿ ಹೇಳಿದರೂ ಅವಳು ಇವರ ಕಡೆಗೆ ಓಡಿಬರುವುದಿಲ್ಲ.